ಪೊರೆ ತೆಗೆಯಲು ಸೂಜಿ ಬೇಡ, ಹನಿ ಸಾಕು ಎಂದರೆ ಒಪ್ಪಬಹುದೇ?

ಪ್ರಶ್ನೆ: ನನ್ನ ತಾಯಿಗೆ 69 ವರ್ಷ. ಆರು ವರ್ಷಗಳ ಹಿಂದೆ ಶಿಬಿರವೊಂದರಲ್ಲಿ ಅವರ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಆಗ ಕಣ್ಣಿನ ಪಕ್ಕದಲ್ಲಿ ಚುಚ್ಚುಮದ್ದು ಕೊಟ್ಟಿದ್ದರು. ಶಸ್ತ್ರಚಿಕಿತ್ಸೆಗಿಂತ ಆ ಸೂಜಿಯ ನೆನಪೇ ಅವರನ್ನು ಇಂದಿಗೂ ಕಾಡುತ್ತದೆ. ಈಗ ಎಡಗಣ್ಣಿಗೆ ಯಂತ್ರದಿಂದ ಪೊರೆ ತೆಗೆಯುವ ಫೇಕೋ ಮಾಡುತ್ತೇವೆ, ಸೂಜಿ ಬೇಡ, ಹನಿ ಹಾಕಿಯೇ ಮರಗಟ್ಟಿಸುತ್ತೇವೆ ಎಂದು ವೈದ್ಯರು ಹೇಳಿದ್ದಾರೆ. ಆದರೆ ಹನಿ ಹಾಕಿದರೂ ತಮಗೆ ಕಣ್ಣಿನ ಒಳಗೆ ನೋವಾಯಿತು ಎಂದು ಪಕ್ಕದ ಮನೆಯವರು ಹೇಳಿದಂದಿನಿಂದ ಅಮ್ಮನಿಗೆ ನಿದ್ದೆಯಿಲ್ಲ. ಪ್ರೊಪಾರಕೇನ್, ಲಿಡೋಕೇನ್, ಜೆಲ್ ಎಂದೆಲ್ಲ ಕೇಳಿದ್ದೇವೆ. ಇವುಗಳಲ್ಲಿ ಯಾವುದು ಒಳ್ಳೆಯದು? ಅಮ್ಮ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಒಂದು ಕಿವಿ ಸ್ವಲ್ಪ ಮಂದ. ಇನ್ನೊಂದು ಮಾತು: ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದಿಟ್ಟುಕೊಂಡು ರಾತ್ರಿ ನೋವಾದರೆ ಹಾಕಬಹುದೇ?

ಉತ್ತರ: ನಿಮ್ಮ ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ, ನಿಮ್ಮ ವೈದ್ಯರೂ ತಪ್ಪು ಹೇಳಿಲ್ಲ. ಹನಿ ಹಾಕಿ ಮಾಡುವ ಪೊರೆಯ ಶಸ್ತ್ರಚಿಕಿತ್ಸೆಯನ್ನು ಬಹುಪಾಲು ಜನ ಸುಲಭವಾಗಿ ಸಹಿಸುತ್ತಾರೆ. ಆದರೆ ಏನೂ ಗೊತ್ತೇ ಆಗುವುದಿಲ್ಲ ಎಂಬ ಮಾತು ನಿಜವಲ್ಲ. ಆ ಮಾತನ್ನು ನಂಬಿ ಮಲಗಿದವರಿಗೆ ಸಣ್ಣದೊಂದು ಸೆಳೆತವೂ ಏನೋ ಎಡವಟ್ಟಾಗಿದೆ ಎಂಬ ದಿಗಿಲಾಗಿ ಬಿಡುತ್ತದೆ. ಬಹಳ ವರ್ಷಗಳಿಂದ ಈ ಶಸ್ತ್ರಚಿಕಿತ್ಸೆ ಮಾಡುತ್ತಿರುವ ನನಗೆ ಒಂದು ವಿಷಯ ಖಚಿತವಾಗಿದೆ. ಬಾಟಲಿಯ ಮೇಲೆ ಯಾವ ಔಷಧಿಯ ಹೆಸರಿದೆ ಎಂಬುದರಿಂದ ಆಗುವ ವ್ಯತ್ಯಾಸ ಸಣ್ಣದು. ಅದನ್ನು ಹೇಗೆ ಹಾಕಿದರು, ಕಣ್ಣಿನ ಒಳಗಿನ ನೋವಿಗೆ ಏನು ಏರ್ಪಾಡು ಮಾಡಿದರು, ಮಲಗಿದವರಿಗೆ ಮೊದಲೇ ಏನು ತಿಳಿಸಿದರು ಎಂಬುದರಿಂದ ಆಗುವ ವ್ಯತ್ಯಾಸ ದೊಡ್ಡದು.

ಕಣ್ಣಿನ ಮುಂಭಾಗದಲ್ಲಿರುವ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ನರತುದಿಗಳು ದಟ್ಟವಾಗಿ ಹರಡಿಕೊಂಡಿವೆ. ದೇಹದಲ್ಲಿ ಇಷ್ಟು ಸೂಕ್ಷ್ಮವಾದ ಜಾಗ ಬೇರೊಂದು ಸಿಗುವುದು ಕಷ್ಟ. ರಾಗಿ ತೂರುವಾಗ ಹಾರಿದ ಒಂದು ಹೊಟ್ಟಿನ ಚೂರು ಕಣ್ಣಿಗೆ ಬಿದ್ದರೆ ಸಾಕು, ಮಿಕ್ಕ ಕೆಲಸವೆಲ್ಲ ನಿಂತುಹೋಗುತ್ತದೆ. ಮರಗಟ್ಟಿಸುವ ಹನಿ ಈ ನರತುದಿಗಳ ಒಳಗೆ ಸೋಡಿಯಂ ನುಗ್ಗುವ ದಾರಿಯನ್ನು ಮುಚ್ಚುತ್ತದೆ. ಆಗ ನೋವಿನ ಸಂದೇಶವೇ ಹುಟ್ಟುವುದಿಲ್ಲ. ಆದರೆ ಹನಿಯ ಅಧಿಕಾರ ಹೊಸಿಲಿನವರೆಗೆ ಮಾತ್ರ. ಕಾರ್ನಿಯಾದ ಹಿಂದೆ ಇರುವ ಐರಿಸ್, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪರದೆ, ಮತ್ತು ಅದರ ಬುಡದಲ್ಲಿ ಮಸೂರವನ್ನು ಹಿಡಿದಿರುವ ಸ್ನಾಯುವಿನ ಉಂಗುರ ಇವೆರಡಕ್ಕೂ ತಮ್ಮದೇ ನರಗಳಿವೆ. ಮೇಲೆ ಹಾಕಿದ ಹನಿ ಅಲ್ಲಿಗೆ ತಲುಪುವುದು ಅಲ್ಪಸ್ವಲ್ಪ. ಪಕ್ಕದ ಮನೆಯವರು ಒಳಗೆ ನೋವಾಯಿತು ಎಂದದ್ದು ಎಷ್ಟು ಕರಾರುವಾಕ್ಕಾದ ಮಾತು ನೋಡಿ. ವೈದ್ಯಕೀಯ ಪುಸ್ತಕ ಹೇಳುವುದೂ ಅದನ್ನೇ.

ಹನಿಯಿಂದ ಕಣ್ಣನ್ನು ಮರಗಟ್ಟಿಸುವ ವಿದ್ಯೆ ಹೊಸದೇನಲ್ಲ. ವಿಯೆನ್ನಾದಲ್ಲಿ ಕಾರ್ಲ್ ಕೊಲರ್ ಎಂಬ ಯುವ ವೈದ್ಯ 1884ರಲ್ಲಿ ಕೊಕೇನ್ ದ್ರಾವಣವನ್ನು ಮೊದಲು ಪ್ರಾಣಿಗಳ ಕಣ್ಣಿಗೆ, ಆಮೇಲೆ ತನ್ನದೇ ಕಣ್ಣಿಗೆ ಹಾಕಿಕೊಂಡು, ಗುಂಡುಸೂಜಿಯ ತಲೆಯಿಂದ ಕಾರ್ನಿಯಾವನ್ನು ಮುಟ್ಟಿ ನೋಡಿದ. ಏನೂ ಗೊತ್ತಾಗಲಿಲ್ಲ. ಆ ವರ್ಷದ ಸೆಪ್ಟೆಂಬರ್ 15ರಂದು ಹೈಡೆಲ್‌ಬರ್ಗ್‌ನ ನೇತ್ರತಜ್ಞರ ಸಭೆಯಲ್ಲಿ ಅವನ ಪರವಾಗಿ ಬೇರೊಬ್ಬ ವೈದ್ಯರು ಆ ಲೇಖನವನ್ನು ಓದಿದರು. ಪ್ರಯಾಣಕ್ಕೆ ಕೊಲರ್‌ನ ಬಳಿ ಹಣವಿರಲಿಲ್ಲ. ಅದಕ್ಕೂ ಮುಂಚೆ ಎಚ್ಚರವಿರುವ ಮನುಷ್ಯನನ್ನು ಅದುಮಿ ಹಿಡಿದು ಕಣ್ಣು ಕೊಯ್ಯುತ್ತಿದ್ದರು ಎಂಬುದನ್ನು ನೆನೆದರೆ ಆ ಬಡ ವೈದ್ಯನ ಋಣ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಆದರೆ ಕೊಕೇನ್ ಕಾರ್ನಿಯಾದ ಮೇಲ್ಪದರವನ್ನು ಕೆಡಿಸುತ್ತಿತ್ತು. ಆಗಿನ ಶಸ್ತ್ರಚಿಕಿತ್ಸೆಯ ಗಾಯವೂ ದೊಡ್ಡದು. ಹೀಗಾಗಿ ಕಣ್ಣಿನ ಹಿಂದೆ ಸೂಜಿ ಹಾಕುವ ಪದ್ಧತಿಯೇ ದಶಕಗಳ ಕಾಲ ಉಳಿಯಿತು. ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಒಡೆದು ಹೀರುವ ಫೇಕೋ ವಿಧಾನವನ್ನು ಚಾರ್ಲ್ಸ್ ಕೆಲ್ಮನ್ 1967ರಲ್ಲಿ ತಂದರು. ಮುಂದೆ ಪೊರೆಯ ಜಾಗದಲ್ಲಿ ಕೂರಿಸುವ, ಮಡಚಬಹುದಾದ ಲೆನ್ಸ್ ಬಂದು, ಗಾಯ ಮೂರು ಮಿಲಿಮೀಟರಿಗಿಂತ ಚಿಕ್ಕದಾದ ಮೇಲೆಯೇ ಬರಿಯ ಹನಿಯಲ್ಲಿ ಕೆಲಸ ಮುಗಿಸುವ ಧೈರ್ಯ ವೈದ್ಯರಿಗೆ ಬಂದದ್ದು. 1990ರ ದಶಕದಲ್ಲಿ ಅದು ವ್ಯಾಪಕವಾಯಿತು.

ನಿಮ್ಮ ತಾಯಿಗೆ ಶಿಬಿರದಲ್ಲಿ ಸೂಜಿ ಏಕೆ ಹಾಕಿದರು ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಶಿಬಿರಗಳಲ್ಲಿ ಸಾಮಾನ್ಯವಾಗಿ ಮಾಡುವುದು ಯಂತ್ರವಿಲ್ಲದ ಸಣ್ಣಗಾಯದ ವಿಧಾನ. ಹೆಸರು ಸಣ್ಣಗಾಯ ಎಂದಿದ್ದರೂ ಕಣ್ಣಿನ ಬಿಳಿಭಾಗದಲ್ಲಿ ಆರು ಮಿಲಿಮೀಟರಿನಷ್ಟು ಸುರಂಗ ಕೊರೆದು, ಇಡೀ ಪೊರೆಯನ್ನು ಹೊರಗೆ ಜಾರಿಸಬೇಕು. ಆ ಕೆಲಸಕ್ಕೆ ಹನಿ ಸಾಲುವುದಿಲ್ಲ. ಆಗಿನ ಸೂಜಿ ಹಳೆಯ ಕಾಲದ್ದು, ಈಗಿನ ಹನಿ ಮುಂದುವರಿದದ್ದು ಎಂದು ಭಾವಿಸಬೇಡಿ. ಎರಡೂ ತಮ್ಮ ತಮ್ಮ ಕೆಲಸಕ್ಕೆ ಸರಿಯಾದವೇ.

ಇನ್ನು ನೀವು ಕೇಳಿದ ಹೆಸರುಗಳು. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಶೇ 0.5ರ ಪ್ರೊಪಾರಕೇನ್. ಹಾಕಿದ ಅರ್ಧ ನಿಮಿಷದೊಳಗೆ ಕಣ್ಣು ಮರಗಟ್ಟುತ್ತದೆ, ಹಾಕುವಾಗ ಉರಿ ಕಡಿಮೆ, ಕಾಲು ಗಂಟೆಯಷ್ಟು ಹೊತ್ತು ನಿಲ್ಲುತ್ತದೆ. ಇದನ್ನು ಫ್ರಿಜ್ಜಿನಲ್ಲಿ ಇಡಬೇಕು. ಬಣ್ಣ ಬದಲಾಗಿದ್ದರೆ ಎಸೆಯಬೇಕು. ಟೆಟ್ರಾಕೇನ್ ಅದೇ ಜಾತಿಯದು. ಚೆನ್ನಾಗಿಯೇ ಮರಗಟ್ಟಿಸುತ್ತದೆ, ಆದರೆ ಬಿದ್ದ ಕೂಡಲೇ ಚುರ್ರೆಂದು ಉರಿಯುತ್ತದೆ. ಲಿಡೋಕೇನ್ ಬೇರೆ ರಾಸಾಯನಿಕ ಗುಂಪಿನದು. ಹಲ್ಲು ಕೀಳುವಾಗ ಒಸಡಿಗೆ ಕೊಡುವ ಔಷಧಿಯೂ ಸಾಮಾನ್ಯವಾಗಿ ಇದೇ. ಕಣ್ಣಿಗೆ ಶೇ 4ರ ಹನಿಯಾಗಿಯೋ ಶೇ 2ರ ಜೆಲ್ ಆಗಿಯೋ ಬಳಸುತ್ತಾರೆ. ಅಮೆರಿಕದಲ್ಲಿ ಕಣ್ಣಿಗೆಂದೇ ತಯಾರಿಸಿದ ಶೇ 3.5ರ ಲಿಡೋಕೇನ್ ಜೆಲ್‌ಗೆ 2008ರಲ್ಲಿ, ಶೇ 3ರ ಕ್ಲೋರೋಪ್ರೊಕೇನ್ ಜೆಲ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಬುಪಿವಕೇನ್ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಹನಿಯಾಗಿ ಹಾಕಿದಾಗ ಉರಿ ಹೆಚ್ಚು. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಅದರ ದೀರ್ಘಾಯುಸ್ಸಿನಿಂದ ಏನೂ ಲಾಭವಿಲ್ಲ.

ಹನಿಗೂ ಜೆಲ್‌ಗೂ ಇರುವ ವ್ಯತ್ಯಾಸದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಹನಿ ಕಣ್ಣೀರಿನೊಂದಿಗೆ ಬೇಗ ಕೊಚ್ಚಿಹೋಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಕೆಲವು ನಿಮಿಷಗಳ ಅಂತರದಲ್ಲಿ ಮೂರು ನಾಲ್ಕು ಬಾರಿ ಹಾಕಬೇಕಾಗುತ್ತದೆ. ಜೆಲ್ ಕಣ್ಣಿನ ಮೇಲೆ ತೆಳ್ಳಗಿನ ಹೊದಿಕೆಯಂತೆ ಕೂತಿರುತ್ತದೆ. ಔಷಧಿಗೆ ಒಳಗೆ ಇಳಿಯಲು ಹೆಚ್ಚು ಸಮಯ ಸಿಗುತ್ತದೆ, ಕಾರ್ನಿಯಾ ಒಣಗುವುದೂ ಇಲ್ಲ. ಹೋಲಿಸಿ ನೋಡಿದ ಹಲವು ಅಧ್ಯಯನಗಳಲ್ಲಿ ಜೆಲ್ ಹನಿಗೆ ಸಮವಾಗಿ ಅಥವಾ ತುಸು ಮೇಲಾಗಿ ನೋವು ತಗ್ಗಿಸಿದೆ. ಹಾಗಾದರೆ ಜೆಲ್ ಅನ್ನೇ ಕೇಳೋಣ ಎಂದು ನಿಮಗೆ ಅನಿಸಬಹುದು. ಇಲ್ಲಿ ಒಂದು ಎಚ್ಚರ ಅಗತ್ಯ, ಇದನ್ನು ನಾನು ನನ್ನ ಕಿರಿಯ ವೈದ್ಯರಿಗೆ ಬೇಸರವಾಗುವಷ್ಟು ಸಲ ಹೇಳುತ್ತೇನೆ. ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿನ ಮೇಲ್ಮೈಯ ಕೀಟಾಣುಗಳನ್ನು ಕೊಲ್ಲಲು ಕಂದುಬಣ್ಣದ ಅಯೋಡಿನ್ ದ್ರಾವಣ ಹಾಕುತ್ತಾರೆ. ಜೆಲ್ ಅದಕ್ಕೂ ಮುಂಚೆ ಬಿದ್ದಿದ್ದರೆ ಅಯೋಡಿನ್ ಆ ಹೊದಿಕೆಯನ್ನು ದಾಟಿ ಕೀಟಾಣುಗಳನ್ನು ಮುಟ್ಟುವುದಿಲ್ಲ. ಕಣ್ಣಿನೊಳಗೆ ಸೋಂಕು ಹೊಕ್ಕರೆ ದೃಷ್ಟಿಯನ್ನೇ ಕಳೆದುಕೊಳ್ಳಬೇಕಾದೀತು. ನೋವು ತುಸು ಕಡಿಮೆಯಾಗಲಿ ಎಂದು ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು. ಆದ್ದರಿಂದ ಮೊದಲು ಒಂದೆರಡು ಹನಿ, ಆಮೇಲೆ ಅಯೋಡಿನ್, ಅದು ಕೆಲಸ ಮಾಡಲು ಕೆಲವು ನಿಮಿಷ ಬಿಟ್ಟು ಬೇಕಿದ್ದರೆ ಜೆಲ್. ಈ ಕ್ರಮ ಪಾಲಿಸುವ ಕಡೆ ಜೆಲ್ ಒಳ್ಳೆಯದು. ಇಲ್ಲದಿದ್ದರೆ ಬರಿಯ ಹನಿಯೇ ವಾಸಿ.

ಹನಿ ಹಾಕಿದ ಮೇಲೆ ರೋಗಿ ಕಣ್ಣು ಮುಚ್ಚಿಕೊಂಡಿರಬೇಕು ಎಂಬುದು ತೀರ ಚಿಕ್ಕ ಮಾತಾದರೂ ಬಹಳ ಕಡೆ ಮರೆತುಹೋಗಿರುತ್ತದೆ. ಮರಗಟ್ಟಿದ ಕಣ್ಣಿಗೆ ರೆಪ್ಪೆ ಮಿಟುಕಿಸಬೇಕು ಎನಿಸುವುದಿಲ್ಲ. ತೆರೆದೇ ಇದ್ದರೆ ಕಾರ್ನಿಯಾ ಒಣಗಿ ಮಸುಕಾಗುತ್ತದೆ, ಸೂಕ್ಷ್ಮದರ್ಶಕದಲ್ಲಿ ನಮಗೆ ಒಳಗಿನದು ಸ್ಪಷ್ಟವಾಗಿ ಕಾಣುವುದಿಲ್ಲ, ಕೆಲಸ ನಿಧಾನವಾಗುತ್ತದೆ. ನಿಧಾನವಾದಷ್ಟೂ ನೋವಿನ ಸಾಧ್ಯತೆ ಹೆಚ್ಚು. ಅಮ್ಮನಿಗೆ ಈಗಲೇ ಹೇಳಿಡಿ.

ಒಳಗಿನ ನೋವಿಗೆ ಏನು ಮಾಡುತ್ತಾರೆ? ನನ್ನ ಮಟ್ಟಿಗೆ ನೀವು ವೈದ್ಯರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ. ಕಾರ್ನಿಯಾದಲ್ಲಿ ಸಣ್ಣ ಗಾಯ ಮಾಡಿದ ಕೂಡಲೇ ಶೇ 1ರ ಲಿಡೋಕೇನ್ ಅನ್ನು, ಸಂರಕ್ಷಕ ರಾಸಾಯನಿಕ ಬೆರೆಸದ ಶುದ್ಧ ರೂಪದಲ್ಲಿ, ಅರ್ಧ ಮಿಲಿಲೀಟರಿಗೂ ಕಡಿಮೆ ಪ್ರಮಾಣದಲ್ಲಿ ಕಣ್ಣಿನ ಮುಂಗೋಣೆಯೊಳಗೆ, ಅಂದರೆ ಕಾರ್ನಿಯಾಕ್ಕೂ ಐರಿಸ್‌ಗೂ ನಡುವಿನ ಜಾಗಕ್ಕೆ, ಬಿಡಬಹುದು. ಆಗ ಐರಿಸ್ ಕೂಡ ಮರಗಟ್ಟುತ್ತದೆ. ಹನಿ ಮಾತ್ರ ಹಾಕಿದವರನ್ನೂ ಹನಿಯ ಜೊತೆಗೆ ಹೀಗೆ ಒಳಗೂ ಔಷಧಿ ಬಿಟ್ಟವರನ್ನೂ ಹೋಲಿಸಿದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶೆ ಒಟ್ಟುಗೂಡಿಸಿ ನೋಡಿದೆ. ಒಳಗೆ ಬಿಟ್ಟಾಗ ಶಸ್ತ್ರಚಿಕಿತ್ಸೆಯ ಸಮಯದ ನೋವು ಕಡಿಮೆಯಾಗುತ್ತದೆ, ಆದರೆ ವ್ಯತ್ಯಾಸ ದೊಡ್ಡದಲ್ಲ ಎಂಬುದು ಅದರ ತೀರ್ಮಾನ. ಸರಾಸರಿಯಲ್ಲಿ ಸಣ್ಣದಾಗಿ ಕಾಣುವುದು ಒಬ್ಬೊಬ್ಬರ ಕಣ್ಣಲ್ಲಿ ಸಣ್ಣದಾಗಿಯೇ ಇರಬೇಕೆಂದಿಲ್ಲ. ಹೆಚ್ಚಿನವರಿಗೆ ಅದರ ಅಗತ್ಯವೇ ಬೀಳದಿರಬಹುದು, ಆದರೆ ಐರಿಸ್ ಅನ್ನು ಮುಟ್ಟಬೇಕಾಗಿ ಬಂದವರಿಗೆ ಅದೇ ಆಸರೆ. ನಾನು ಎಲ್ಲರಿಗೂ ಬಳಸುತ್ತೇನೆ. ಬಳಸದ ಸಮರ್ಥ ವೈದ್ಯರೂ ಇದ್ದಾರೆ, ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಸಂರಕ್ಷಕ ಬೆರೆತ ಸಾಮಾನ್ಯ ಲಿಡೋಕೇನ್ ಬಾಟಲಿಯಿಂದ ತೆಗೆದು ಒಳಗೆ ಬಿಡುವುದು ಮಾತ್ರ ಎಂದಿಗೂ ಕೂಡದು. ಕಾರ್ನಿಯಾದ ಒಳಪದರದ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಕ್ಷಣಗಳಲ್ಲಿ ಏನಾದರೂ ಗೊತ್ತಾಗಿಯೇ ಆಗುತ್ತದೆ. ರೆಪ್ಪೆಗಳನ್ನು ಅಗಲಿಸಿ ಹಿಡಿಯುವ ತಂತಿಯ ಉಪಕರಣ ಹಾಕುವಾಗ ಬಿಗಿತ. ಸೂಕ್ಷ್ಮದರ್ಶಕದ ದೀಪ ಹೊತ್ತಿಕೊಂಡಾಗ ಕಣ್ಣು ಕೋರೈಸುವ ಬೆಳಕು, ಅದರಲ್ಲಿ ತೇಲುವ ಕೆಂಪು ನೀಲಿ ಬಣ್ಣಗಳು. ಸೂಜಿ ಹಾಕಿದಾಗ ನೋಟವೂ ಮಂಕಾಗುವುದುಂಟು; ಹನಿಯಲ್ಲಿ ಹಾಗಾಗದ ಕಾರಣ ಬೆಳಕು ತೀಕ್ಷ್ಣವಾಗಿ ಕಾಣುತ್ತದೆ. ಕಣ್ಣಿನೊಳಗೆ ನೀರು ಹರಿಯಲು ಶುರುವಾದಾಗ ಒಳಗಿನಿಂದ ಒತ್ತಿದಂತೆ ಆಗುತ್ತದೆ. ಹೆಚ್ಚು ಮೈನಸ್ ಪವರಿನ ಕನ್ನಡಕ ಹಾಕುವವರಲ್ಲಿ ಈ ಒತ್ತಡ ಒಮ್ಮೆಲೇ ಏರಿ, ಐರಿಸ್ ಹಿಂದಕ್ಕೆ ದೂಡಲ್ಪಟ್ಟು, ಹುಬ್ಬಿನವರೆಗೂ ಸೆಳೆತ ಬರಬಹುದು. ಉಪಕರಣದಿಂದ ಐರಿಸ್ ಅಂಚನ್ನು ಸ್ವಲ್ಪ ಎತ್ತಿದರೆ ನೀರು ಹಿಂದಕ್ಕೂ ಹರಿದು ಸೆಳೆತ ಆ ಕ್ಷಣವೇ ನಿಲ್ಲುತ್ತದೆ. ಕೊನೆಯಲ್ಲಿ ಲೆನ್ಸ್ ಒಳಗೆ ಬಿಚ್ಚಿಕೊಳ್ಳುವಾಗ ಇನ್ನೊಂದು ಸಣ್ಣ ಒತ್ತಡ. ಇಷ್ಟೇ.

ಉರಿ, ಬಿಗಿತ, ಒತ್ತಡ, ಸೆಳೆತ, ಚುಚ್ಚು ಎಂದು ನಮ್ಮ ಭಾಷೆಯಲ್ಲಿ ಇಷ್ಟೊಂದು ಪದಗಳಿರುವುದು ನಮಗೆ ದೊಡ್ಡ ಅನುಕೂಲ. ಒತ್ತಿದಂತಾಗುತ್ತಿದೆ ಎಂದರೆ ನಾನು ಧೈರ್ಯ ಹೇಳಿ ಕೆಲಸ ಮುಂದುವರಿಸುತ್ತೇನೆ. ಸೆಳೆಯುತ್ತಿದೆ ಎಂದರೆ ಕೈ ನಿಲ್ಲಿಸಿ ನೀರಿನ ಬಾಟಲಿಯ ಎತ್ತರ ತಗ್ಗಿಸುತ್ತೇನೆ. ಚುಚ್ಚುತ್ತಿದೆ ಎಂದರೆ ಇನ್ನಷ್ಟು ಔಷಧಿ ಬೇಕೆಂದು ಅರ್ಥ. ನೋವು ಎಂಬ ಒಂದೇ ಪದಕ್ಕಿಂತ ಇವು ನೂರು ಪಾಲು ಉಪಯುಕ್ತ.

ಇದನ್ನು ನನಗೆ ಕಲಿಸಿದವರು ಒಬ್ಬ ವೃದ್ಧ ರೈತರು. ನಾನಿನ್ನೂ ಹೊಸಬ. ಅಲುಗಾಡಬೇಡಿ, ಮಾತನಾಡಬೇಡಿ ಎಂದು ಗದರುವಂತೆ ಹೇಳಿ ಕೆಲಸ ಶುರುಮಾಡಿದ್ದೆ. ಅವರ ಪಾಪೆ ಚಿಕ್ಕದಿತ್ತು, ಐರಿಸ್ ಅನ್ನು ಎರಡು ಮೂರು ಸಲ ಹಿಗ್ಗಿಸಬೇಕಾಯಿತು. ಅವರು ತುಟಿ ಪಿಟಕ್ಕೆನ್ನಲಿಲ್ಲ. ಹೊದಿಕೆ ತೆಗೆದಾಗ ನೋಡಿದರೆ ಅಂಗೈಯಲ್ಲಿ ಉಗುರಿನ ಗುರುತು ಮೂಡಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ನಾನು ಬಾಯಿಬಿಟ್ಟರೆ ನಿಮ್ಮ ಕೈ ತಪ್ಪಿ ಕಣ್ಣು ಹೋದೀತು ಅಂತ ತಡೆದುಕೊಂಡೆ ಸ್ವಾಮಿ’ ಎಂದರು. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿತ್ತು. ಆದರೆ ಆ ಹತ್ತಿಪ್ಪತ್ತು ನಿಮಿಷದ ನೋವು ಅವರಿಗೆ ಬರಬೇಕಾದದ್ದಾಗಿರಲಿಲ್ಲ. ಎರಡು ಹನಿಯಷ್ಟು ಲಿಡೋಕೇನ್ ಒಳಗೆ ಬಿಟ್ಟಿದ್ದರೆ ಸಾಕಿತ್ತು, ಬಿಡುವಂತೆ ಕೇಳುವ ದಾರಿಯನ್ನು ನಾನೇ ಮುಚ್ಚಿದ್ದೆ. ಅಂದಿನಿಂದ ನಾನು ಹೇಳುವುದು ಹೀಗೆ: ತಲೆ ಅಲ್ಲಾಡಿಸಬೇಡಿ, ಕೈ ಮುಖದ ಹತ್ತಿರ ತರಬೇಡಿ, ಏನಾದರೂ ಆದರೆ ಮೆಲ್ಲನೆ ಬಾಯಿಬಿಟ್ಟು ಹೇಳಿ, ನಾನು ನಿಲ್ಲಿಸುತ್ತೇನೆ. ಕೆಮ್ಮು ಬರುವಂತಿದ್ದರೂ ಮೊದಲೇ ಹೇಳಿ.

ಈಗ ನಿಮ್ಮ ತಾಯಿಯ ವಿಷಯ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಹನಿಯಂಥ ಸುರಕ್ಷಿತ ದಾರಿ ಇನ್ನೊಂದಿಲ್ಲ. ಫೇಕೋ ಗಾಯವಾಗುವುದು ಸಾಮಾನ್ಯವಾಗಿ ಕಾರ್ನಿಯಾದ ಅಂಚಿನಲ್ಲಿ, ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಸೂಜಿಯಾದರೆ ಕಣ್ಣಿನ ಹಿಂದೆ ರಕ್ತ ಸೋರುವ, ಅಪರೂಪಕ್ಕೆ ಕಣ್ಣುಗುಡ್ಡೆಗೇ ಸೂಜಿ ತಾಗುವ ಅಪಾಯವಿದೆ. ನಿಮ್ಮ ವೈದ್ಯರು ಹನಿ ಆರಿಸಿದ್ದಕ್ಕೆ ಇದೂ ಒಂದು ಕಾರಣವಿರಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆಂದು ಕೊಟ್ಟದ್ದನ್ನು ಕಣ್ಣಿಗೆಂದು ನಿಲ್ಲಿಸಿ ಪಾರ್ಶ್ವವಾಯು ತಂದುಕೊಂಡವರಿದ್ದಾರೆ. ರಕ್ತ ಹೆಪ್ಪುಗಟ್ಟುವ ಪ್ರಮಾಣದ ಇತ್ತೀಚಿನ ಪರೀಕ್ಷೆಯ ವರದಿಯನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ನಡೆಯಿರಿ.

ಮಂದವಾಗಿರುವ ಕಿವಿ ಯಾವುದು ಎಂದು ಮೊದಲೇ ತಿಳಿಸಿ. ಹನಿ ಹಾಕಿದಾಗ ಕಣ್ಣು ಅಲ್ಲಾಡಬಲ್ಲದು. ಬೆಳಕನ್ನೇ ನೋಡಿ, ಕೆಳಗೆ ನೋಡಿ ಎಂದು ವೈದ್ಯರು ಹೇಳಿದ್ದು ಅವರಿಗೆ ಕೇಳಿಸಲೇಬೇಕು. ಎಡಗಿವಿ ಮಂದವಾಗಿದ್ದು ಬಲಗಿವಿ ಚೆನ್ನಾಗಿದ್ದರೆ ತೊಂದರೆಯಿಲ್ಲ, ಬಲಗಿವಿಯ ಮೇಲಿನ ಹೊದಿಕೆಯನ್ನು ಸ್ವಲ್ಪ ಸಡಿಲ ಬಿಡಬಹುದು. ನರ್ಸ್ ಒಬ್ಬರು ಅಮ್ಮನ ಕೈ ಹಿಡಿದುಕೊಂಡಿರಲು ಸಾಧ್ಯವೇ ಎಂದೂ ಕೇಳಿ. ಕೈ ಹಿಡಿದುಕೊಂಡರೆ ಆತಂಕ ಇಳಿಯುತ್ತದೆ ಎಂಬುದನ್ನು ಅಧ್ಯಯನಗಳೂ ತೋರಿಸಿವೆ. ಅದಕ್ಕೆ ಖರ್ಚೂ ಇಲ್ಲ.

ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಹೆಚ್ಚು ನೋವಾಯಿತು ಎಂದು ಅನೇಕರು ಹೇಳುತ್ತಾರೆ. ಇದನ್ನು ಅಧ್ಯಯನಗಳೂ ಗುರುತಿಸಿವೆ. ನಿಮ್ಮ ತಾಯಿಗಂತೂ ಹೋಲಿಕೆ ಇನ್ನೂ ಎದ್ದು ಕಾಣುತ್ತದೆ. ಹೋದ ಸಲ ಸೂಜಿ ಹಾಕುವಾಗ ನೋವು, ಆಮೇಲೆ ಎಲ್ಲವೂ ಮೌನ. ಈ ಸಲ ಹಾಕುವಾಗ ಏನೂ ಇಲ್ಲ, ನಡುವೆ ಅಲ್ಲಲ್ಲಿ ಒತ್ತಡ. ಹಿಂದಿನಂತಿಲ್ಲವಲ್ಲ ಎಂದು ಅವರು ಗಾಬರಿಯಾಗಬಾರದು. ಇದನ್ನು ಹೇಳಬೇಕಾದವರು ನೀವು, ಶಸ್ತ್ರಚಿಕಿತ್ಸೆಯ ಹಿಂದಿನ ದಿನವಲ್ಲ, ಇವತ್ತೇ.

ಹನಿ ಎಲ್ಲರಿಗೂ ಹೊಂದುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ. ತಲೆ ಅಥವಾ ಕೈ ನಡುಗುವವರು, ಹೇಳಿದ್ದು ಮರೆತುಹೋಗುವವರು, ಕಣ್ಣಿಗೆ ಹನಿ ಹಾಕಲೂ ರೆಪ್ಪೆ ಬಿಗಿ ಹಿಡಿಯುವವರು, ತೀರ ಬಲಿತು ಗಟ್ಟಿಯಾದ ಪೊರೆಯವರು, ಪಾಪೆ ಹಿಗ್ಗದವರು ಇವರಿಗೆಲ್ಲ ಹೆಚ್ಚಿನ ಅರಿವಳಿಕೆ ಬೇಕು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುವ ಗಂಡಸರ ಐರಿಸ್ ಸಡಿಲವಾಗಿ ಶಸ್ತ್ರಚಿಕಿತ್ಸೆಯಲ್ಲಿ ಗಾಳಿಗೆ ಸಿಕ್ಕ ಬಟ್ಟೆಯಂತೆ ಅಲೆಯಬಹುದು, ಅವರು ಅದನ್ನು ಮುಚ್ಚಿಡದೆ ಹೇಳಬೇಕು. ಚೂಪಾದ ಸೂಜಿಯ ಬದಲು ಮೊಂಡು ತುದಿಯ ಬಾಗಿದ ಕೊಳವೆಯಿಂದ ಕಣ್ಣುಗುಡ್ಡೆಯ ಪಕ್ಕದ ಪದರದೊಳಗೆ ಔಷಧಿ ಹರಿಸುವ ಮಧ್ಯದ ದಾರಿಯೊಂದಿದೆ, ಸಬ್‌ಟೆನನ್ ಎನ್ನುತ್ತಾರೆ. ನೋವು ತಡೆಯುವುದರಲ್ಲಿ ಅದು ಹನಿಗಿಂತ ಮೇಲು. ಕಣ್ಣಿನ ಬಿಳಿಭಾಗ ಕೆಲವು ದಿನ ಕೆಂಪಗೆ ಕಾಣಬಹುದು. ಪರೀಕ್ಷೆಯ ದಿನ ಅಮ್ಮನ ಕಣ್ಣಿಗೆ ಹನಿ ಹಾಕುವಾಗ ಅವರು ಹೇಗೆ ವರ್ತಿಸಿದರು ಎಂದು ನೆನಪಿಸಿಕೊಳ್ಳಿ. ಸುಮ್ಮನೆ ಹಾಕಿಸಿಕೊಂಡಿದ್ದರೆ ಹನಿಯಲ್ಲೇ ಶಸ್ತ್ರಚಿಕಿತ್ಸೆ ಸುಗಮವಾಗಿ ನಡೆದೀತು. ಬಹಳ ಒದ್ದಾಡಿದ್ದರೆ ವೈದ್ಯರಿಗೆ ಹೇಳಿ, ಸಬ್‌ಟೆನನ್ ಬಗ್ಗೆ ಕೇಳಿ.

ಕೊನೆಯದಾಗಿ ರಾತ್ರಿಯ ಹನಿ. ಬೇಡ, ಖಂಡಿತ ಬೇಡ. ಅಂಗಡಿಯವರು ಕೊಟ್ಟರೂ ತರಬೇಡಿ. ಪ್ರೊಪಾರಕೇನ್ ಆಗಲಿ ಇನ್ನಾವುದೇ ಮರಗಟ್ಟಿಸುವ ಹನಿಯಾಗಲಿ ಒಂದು ದಿನದ ಶಸ್ತ್ರಚಿಕಿತ್ಸೆಗೆ ವರ, ಮನೆಯಲ್ಲಿ ಪದೇ ಪದೇ ಹಾಕಿಕೊಂಡರೆ ವಿಷ. ಗಾಯ ಮಾಯುವುದನ್ನು ಅದು ತಡೆಯುತ್ತದೆ, ರೆಪ್ಪೆ ಮಿಟುಕಿಸುವುದನ್ನೂ ಕಣ್ಣೀರು ಬರುವುದನ್ನೂ ಕಡಿಮೆ ಮಾಡುತ್ತದೆ. ಕಾರ್ನಿಯಾ ಕರಗಿ ಬಿಳಿ ಕಲೆಯಾಗಿ ಉಳಿದುಬಿಡಬಹುದು. ಅದಕ್ಕಿಂತ ಹೆಚ್ಚಾಗಿ, ಒಳಗೆ ಸೋಂಕಾಗಿದ್ದರೆ ಅದನ್ನು ಹೇಳಬೇಕಾದ ನೋವನ್ನೇ ಅದು ಮುಚ್ಚಿಹಾಕುತ್ತದೆ. ಶಸ್ತ್ರಚಿಕಿತ್ಸೆಯ ಸಂಜೆ ಮರಳು ಬಿದ್ದಂತೆ ಕರಕರ ಎನ್ನುವುದು, ನೀರು ಸುರಿಯುವುದು ಸಹಜ. ಅದಕ್ಕೆ ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ವಾರ್ಫರಿನ್ ಇರುವುದರಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ಕೇಳದೆ ಕೊಡಬೇಡಿ. ಕಡಿಮೆಯಾಗಬೇಕಾದ ನೋವು ಹೆಚ್ಚುತ್ತಾ ಹೋದರೆ, ಕಣ್ಣು ಇನ್ನಷ್ಟು ಕೆಂಪಾದರೆ, ಕಾಣುತ್ತಿದ್ದದ್ದು ಮಂಜಾದರೆ, ತಲೆನೋವಿನ ಜೊತೆ ವಾಂತಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ರಾತ್ರಿ ಕರೆ ಮಾಡಬೇಕಾದ ಸಂಖ್ಯೆಯನ್ನು ಬರೆಸಿಕೊಂಡು ಬನ್ನಿ.